ಎರಡು ಪರ್ಸೆಂಟ್ ಅಂದ್ರೆ ಯಾರು?

"ಆ ಹಳೇ ಬ್ರೌಸರ್‌ನಲ್ಲಿ ಬರುವವರು ಎರಡು ಪರ್ಸೆಂಟೂ ಇಲ್ಲ. ಬಿಟ್ಟುಬಿಡೋಣ ಅಲ್ವಾ?"

ವೆಬ್‌ಸೈಟ್ ಕಟ್ಟುವವರ ಮೀಟಿಂಗ್‌ಗಳಲ್ಲಿ ಈ ಮಾತು ವರ್ಷಕ್ಕೊಮ್ಮೆಯಾದರೂ ಬಂದೇ ಬರುತ್ತದೆ. ಸಾಮಾನ್ಯವಾಗಿ ಯಾರೂ ಬೇಡ ಅನ್ನುವುದಿಲ್ಲ. ಡೆವಲಪರ್‌ಗೆ ಕೆಲಸ ಕಡಿಮೆಯಾಗುತ್ತದೆ, ಟೆಸ್ಟಿಂಗ್ ಮಾಡುವವರ ಪಟ್ಟಿ ಚಿಕ್ಕದಾಗುತ್ತದೆ, ಮ್ಯಾನೇಜರ್‌ಗೆ ಖರ್ಚು ಉಳಿಯುತ್ತದೆ. ಅಲ್ಲಿ ಕೂತ ಎಲ್ಲರಿಗೂ ಲಾಭ. ನಷ್ಟ ಆಗುವವರನ್ನು ಮೀಟಿಂಗ್‌ಗೆ ಯಾರೂ ಕರೆದಿರುವುದಿಲ್ಲ.

ಹಳೇ ಬ್ರೌಸರನ್ನು ಬಿಡಲೇಬಾರದು ಅಂತ ನಾನು ಹೇಳುತ್ತಿಲ್ಲ. ಎಲ್ಲವನ್ನೂ ಕೊನೆವರೆಗೂ ಹೊತ್ತುಕೊಂಡು ಹೋಗಲು ಯಾರ ಕೈಲೂ ಆಗುವುದಿಲ್ಲ. ನನ್ನ ತಕರಾರು ಇರುವುದು ಆ ಪರ್ಸೆಂಟ್ ಮೇಲೆ. ಅದೊಂದನ್ನೇ ನೋಡಿ ತೀರ್ಮಾನ ಮಾಡಿದರೆ ಯಾರನ್ನು ಬಿಡುತ್ತಿದ್ದೇವೆ, ಬಿಟ್ಟ ಮೇಲೆ ಅವರ ಕೆಲಸ ಯಾರ ತಲೆಗೆ ಬರುತ್ತದೆ ಅನ್ನುವುದು ಕಾಣುವುದೇ ಇಲ್ಲ.

ನಮ್ಮ ಕಾಲದ ಡೆವಲಪರ್‌ಗಳಲ್ಲಿ ಈ ವಿಷಯಕ್ಕೆ ಒಂದು ಹಳೇ ಸಿಟ್ಟೂ ಬೆರೆತಿದೆ. ಇಂಟರ್ನೆಟ್ ಎಕ್ಸ್‌ಪ್ಲೋರರ್ 6 ಮೇಲಿನ ಸಿಟ್ಟು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಜೊತೆ ಬಂದ ಬ್ರೌಸರ್ ಅದು. ಅಷ್ಟೊತ್ತಿಗೆ ಎದುರಾಳಿ ಬ್ರೌಸರ್ ನೆಟ್‌ಸ್ಕೇಪ್ ಸೋತು ಮೂಲೆ ಸೇರಿತ್ತು. ಪೈಪೋಟಿಯೇ ಇಲ್ಲ ಅಂದ ಮೇಲೆ ಮೈಕ್ರೋಸಾಫ್ಟ್ ಕೈಕಟ್ಟಿ ಕೂತಿತು. ಮುಂದಿನ ಇಂಟರ್ನೆಟ್ ಎಕ್ಸ್‌ಪ್ಲೋರರ್, ಅಂದರೆ ಐಇ 7, ಬರಲು 2006ರ ಅಕ್ಟೋಬರ್ ಆಯಿತು. ಈ ನಡುವೆ ಕೆಲಸ ಕಲಿತವರಿಗೆ ಕೆಲವು ಸಂಕಟಗಳು ಬಾಯಿಪಾಠ. ಪಿಎನ್‌ಜಿ ಚಿತ್ರದ ಹಿಂದೆ ಏನೂ ಇರಬಾರದ ಜಾಗದಲ್ಲಿ ಬೂದು ಬಣ್ಣ ಬರುವುದು. ಪಕ್ಕಕ್ಕೆ ಸರಿಸಿದ (ಫ್ಲೋಟ್) ಡಬ್ಬಕ್ಕೆ ಹತ್ತು ಪಿಕ್ಸೆಲ್ ಅಂಚಿನ ಜಾಗ ಕೇಳಿದರೆ ಇಪ್ಪತ್ತು ಕೊಡುವುದು. ಪುಟದ ಅಂದಚೆಂದ ಹೇಳುವ ಸಿಎಸ್‌ಎಸ್ ಸಾಲಿನ ಮುಂದೆ ಒಂದು ಅಂಡರ್‌ಸ್ಕೋರ್ ಹಾಕಿದರೆ ಆ ಸಾಲು ಐಇ 6 ಮತ್ತು ಅದಕ್ಕಿಂತ ಹಳೆಯ ಐಇಗೆ ಮಾತ್ರ ಕಾಣುತ್ತಿತ್ತು. ಫೈಲ್ ತುಂಬ ಅಂಡರ್‌ಸ್ಕೋರ್‌ಗಳೇ.

ಇದನ್ನು ಕೊಂದ ಕಥೆ ಗೊತ್ತಿರಬಹುದು. 2009ರಲ್ಲಿ ಯೂಟ್ಯೂಬ್‌ನಲ್ಲಿದ್ದ ಕ್ರಿಸ್ ಝಕರಾಯಸ್ ಎಂಬ ಎಂಜಿನಿಯರ್ ಹತ್ತು ವರ್ಷದ ನಂತರ ಅದನ್ನು ಬರೆದುಕೊಂಡರು. ಐಇ 6ಕ್ಕೆ ರಿಪೇರಿ ಮಾಡಿ ಮಾಡಿ ಬೇಸತ್ತ ನಾಲ್ಕಾರು ಜನ ಸೇರಿ, ಮೇಲಿನವರನ್ನು ಕೇಳದೆ, ವಿಡಿಯೋದ ಮೇಲ್ಗಡೆ ಒಂದು ಪಟ್ಟಿ ಹಾಕಿಬಿಟ್ಟರು. ನಿಮ್ಮ ಬ್ರೌಸರ್‌ಗೆ ಬೆಂಬಲ ಸದ್ಯದಲ್ಲೇ ನಿಲ್ಲುತ್ತದೆ, ಇವುಗಳಲ್ಲಿ ಒಂದನ್ನು ಹಾಕಿಕೊಳ್ಳಿ ಅಂತ. ಯಾವಾಗ ನಿಲ್ಲುತ್ತದೆ ಅಂತ ತಾರೀಕೂ ಇರಲಿಲ್ಲ. ಗೂಗಲ್‌ನ ವಕೀಲರು ಓಡಿ ಬಂದು ಕೇಳಿದ್ದು ಒಂದೇ ಪ್ರಶ್ನೆ: ಕ್ರೋಮನ್ನು ಯಾಕೆ ಮುಂದೆ ಮಾಡಿದ್ದೀರಿ? ಪಟ್ಟಿಯಲ್ಲಿ ಬ್ರೌಸರ್‌ಗಳು ಒಬ್ಬೊಬ್ಬರಿಗೆ ಒಂದೊಂದು ಕ್ರಮದಲ್ಲಿ ಹಿಂದೆ ಮುಂದೆ ಆಗುವ ಹಾಗೆ ಬರೆದಿದ್ದರಿಂದ ಬಚಾವಾದರು. ಗೂಗಲ್ ಡಾಕ್ಸ್‌ನವರು ಇದನ್ನು ನೋಡಿ, ಯೂಟ್ಯೂಬ್‌ಗೆ ಅನುಮತಿ ಸಿಕ್ಕಿರಬೇಕು ಅಂದುಕೊಂಡು ತಾವೂ ಹಾಕಿದರು. ಒಂದೇ ತಿಂಗಳಲ್ಲಿ ಯೂಟ್ಯೂಬ್‌ಗೆ ಬರುವ ಐಇ 6 ಜನ ಅರ್ಧ ಆದರು.

ಈ ಕಥೆಯನ್ನು ಎಲ್ಲರೂ ನಗುತ್ತಾ ಹೇಳುತ್ತಾರೆ. ನನಗೆ ಅದರಲ್ಲಿ ಕಂಡದ್ದು ಒಂದು ಅಂಕಿ. ಪಟ್ಟಿ ಹಾಕಿದಾಗ ಯೂಟ್ಯೂಬ್‌ನ ಬಳಕೆದಾರರಲ್ಲಿ ಸುಮಾರು ಶೇ 18 ಮಂದಿ ಐಇ 6ರಲ್ಲಿದ್ದರು. ಎರಡಲ್ಲ, ಹದಿನೆಂಟು! ಪರ್ಸೆಂಟ್ ಲೆಕ್ಕದಲ್ಲಿ ನೋಡಿದರೆ ಅದು ಹುಚ್ಚು ಸಾಹಸ. ಆದರೂ ಅದು ಸರಿಯಾದ ಕೆಲಸವೇ ಅಂತ ನನ್ನ ಅಭಿಪ್ರಾಯ. ಅವರಲ್ಲಿ ಬಹಳ ಜನಕ್ಕೆ ದಾರಿ ಇತ್ತು. ಅದೇ ಕಂಪ್ಯೂಟರ್, ಅದೇ ಎಕ್ಸ್‌ಪಿ. ಫೈರ್‌ಫಾಕ್ಸ್ ಬಿಟ್ಟಿ, ಕ್ರೋಮ್ ಬಿಟ್ಟಿ, ಐಇ 8 ಕೂಡ ಬಿಟ್ಟಿ. ಡೌನ್‌ಲೋಡ್ ಮಾಡಿ ನೆಕ್ಸ್ಟ್ ನೆಕ್ಸ್ಟ್ ಒತ್ತಿದರೆ ಮುಗಿಯಿತು.

ದಾರಿ ಇಲ್ಲದವರೂ ಇದ್ದರು. ಆಫೀಸಿನ ಕಂಪ್ಯೂಟರ್‌ನಲ್ಲಿ ಏನನ್ನೂ ಇನ್‌ಸ್ಟಾಲ್ ಮಾಡಲು ಆಗದವರು. ಅವರ ಕಂಪನಿಯ ಒಳಗಿನ ಸಾಫ್ಟ್‌ವೇರ್ ಐಇ 6ರಲ್ಲಿ ಮಾತ್ರ ಓಡುತ್ತಿತ್ತು. ಅಂಥ ಸಾಫ್ಟ್‌ವೇರನ್ನು ಬೆಂಗಳೂರಿನಲ್ಲೇ ಕೂತು ಬರೆದವರು ನಮ್ಮಲ್ಲಿ ಎಷ್ಟು ಜನ ಇಲ್ಲ! ಆಮೇಲಿನ ವರ್ಷಗಳಲ್ಲಿ ಇದರ ತಮ್ಮನಂಥ ಕಥೆ ಟೆಂಡರ್ ಹಾಕುವವರದ್ದು. ಡಿಜಿಟಲ್ ಸಹಿಗೆ ಜಾವಾ ಆ್ಯಪ್ಲೆಟ್, ಅಂದರೆ ಬ್ರೌಸರ್ ಒಳಗೆ ಪ್ಲಗಿನ್ ಮೂಲಕ ಓಡುವ ಪುಟ್ಟ ಪ್ರೋಗ್ರಾಂ, ಬೇಕಿತ್ತು. 2015ರ ಸೆಪ್ಟೆಂಬರ್‌ನಲ್ಲಿ ಕ್ರೋಮ್ ಅಂಥ ಪ್ಲಗಿನ್‌ಗಳನ್ನು ಪೂರ್ತಿ ತೆಗೆದುಹಾಕಿತು, 2017ರ ಮಾರ್ಚ್‌ನಲ್ಲಿ ಫೈರ್‌ಫಾಕ್ಸ್ ಕೂಡ ತೆಗೆಯಿತು. ಕಂಟ್ರಾಕ್ಟರ್‌ಗಳ ಆಫೀಸಿನಲ್ಲಿ ಒಂದು ಹಳೇ ಕಂಪ್ಯೂಟರನ್ನು ಐಇಗೆ ಅಂತಲೇ ಇಟ್ಟುಕೊಂಡದ್ದನ್ನು ನಾನು ನೋಡಿದ್ದೇನೆ. ಅದರ ಮೇಲೆ ಒಂದು ಚೀಟಿ: "ಅಪ್‌ಡೇಟ್ ಮಾಡಬೇಡಿ".

2022ರ ಜೂನ್ 15ಕ್ಕೆ ಐಇ 11ಕ್ಕೂ ಮೈಕ್ರೋಸಾಫ್ಟ್ ತೆರೆ ಎಳೆಯಿತು. ದಕ್ಷಿಣ ಕೊರಿಯಾದಲ್ಲಿ ಒಬ್ಬರು ಅದಕ್ಕೆ ಸಮಾಧಿ ಕಲ್ಲನ್ನೇ ಕೆತ್ತಿಸಿದರು, ಬೇರೆ ಬ್ರೌಸರ್ ಡೌನ್‌ಲೋಡ್ ಮಾಡಲು ಒಳ್ಳೆಯ ಸಾಧನವಾಗಿತ್ತು ಅಂತ ಬರೆಸಿ. ನಾವೆಲ್ಲ ಫಾರ್ವರ್ಡ್ ಮಾಡಿ ನಕ್ಕೆವು. ಆ ಸಿಟ್ಟಿಗೆ ಅಲ್ಲಿಗೆ ಕೆಲಸ ಮುಗಿಯಬೇಕಿತ್ತು. ಆದರೆ ಅಭ್ಯಾಸ ಬಿಡಬೇಕಲ್ಲ. ಈಗಲೂ ಹಳೇ ಬ್ರೌಸರ್ ಅಂದ ಕೂಡಲೇ, ಅಪ್‌ಡೇಟ್ ಮಾಡಲು ಸೋಮಾರಿತನ ಮಾಡುವ ಒಬ್ಬ ಮನುಷ್ಯ ನಮ್ಮ ಕಣ್ಣಿಗೆ ಬರುತ್ತಾನೆ. ಈಗಿನ ಹಳೇ ಬ್ರೌಸರ್‌ಗಳಲ್ಲಿ ಇರುವವರು ಬೇರೆ ಜನ.

ಯಾರು ಯಾವ ಬ್ರೌಸರ್‌ನಲ್ಲಿ ಬಂದರು ಅಂತ ಸರ್ವರ್ ಬರೆದಿಡುವ ಲಾಗ್ ತೆಗೆದು ನೋಡಿದರೆ ಇದು ಗೊತ್ತಾಗುತ್ತದೆ. ಕ್ರೋಮ್ ತಾನಾಗಿ ಅಪ್‌ಡೇಟ್ ಆಗುವ ಬ್ರೌಸರ್. ಹಾಗಾಗಿ ಬಹುಪಾಲು ಜನ ಹೊಸ ಎರಡು ಮೂರು ಆವೃತ್ತಿಗಳಲ್ಲೇ ಇರುತ್ತಾರೆ. ಹಿಂದಕ್ಕೆ ಹೋದಂತೆ ಸಂಖ್ಯೆ ಇಳಿಯುತ್ತಾ ಹೋಗುತ್ತದೆ. ಆದರೆ ಸಮನಾಗಿ ಇಳಿಯುವುದಿಲ್ಲ. ಕೆಲವು ನಂಬರ್‌ಗಳಲ್ಲಿ ಇದ್ದಕ್ಕಿದ್ದಂತೆ ಗುಡ್ಡೆ ಬಿದ್ದಿರುತ್ತದೆ. ಕ್ರೋಮ್ 109 ಅಂಥದ್ದು. ವಿಂಡೋಸ್ 7 ಮತ್ತು 8ಕ್ಕೆ ಸಿಕ್ಕ ಕೊನೆಯ ಕ್ರೋಮ್ ಅದು, 2023ರ ಜನವರಿಯದ್ದು. 119ರಲ್ಲಿ ಆಂಡ್ರಾಯ್ಡ್ 7 ನಿಂತಿತು. 138ರಲ್ಲಿ ಆಂಡ್ರಾಯ್ಡ್ 8 ಮತ್ತು 9 ನಿಂತವು. ತುಂಬ ಹಳೇ ಲಾಗ್‌ಗಳಲ್ಲಿ 49 ಕಾಣುತ್ತಿತ್ತು, ಅದು ಎಕ್ಸ್‌ಪಿಯವರದ್ದು. ಐಫೋನ್‌ನಲ್ಲಿ ಸಫಾರಿ 12 ಕಂಡರೆ ಅದು ಹೆಚ್ಚಾಗಿ 5ಎಸ್ ಅಥವಾ 6 ಇಟ್ಟುಕೊಂಡವರದ್ದು. ಆ ಫೋನ್‌ಗಳು ಐಓಎಸ್ 12 ದಾಟುವುದಿಲ್ಲ. ಅದರಲ್ಲಿ ಕ್ರೋಮ್ ಹಾಕಿಕೊಂಡರೂ ಪ್ರಯೋಜನ ಇಲ್ಲ, ಒಳಗೆ ಪುಟ ತೋರಿಸುವುದು ಆಪಲ್‌ನ ಎಂಜಿನ್ನೇ.

ಇವು ಗೋಡೆಗಳು. ಹೊಸ ವಿಂಡೋಸ್‌ನಲ್ಲಿ ಎರಡು ಆವೃತ್ತಿ ಹಿಂದೆ ಇರುವವನು ಮುಂದಿನ ವಾರ ತಾನಾಗಿ ಮುಂದೆ ಬರುತ್ತಾನೆ. ಅವನನ್ನು ಬಿಟ್ಟರೂ ಅವನಿಗೆ ಏನೂ ಆಗುವುದಿಲ್ಲ. 109ರಲ್ಲಿ ಇರುವ ಜೆರಾಕ್ಸ್ ಅಂಗಡಿಯವರು ಕಂಪ್ಯೂಟರ್ ಬದಲಾಯಿಸುವವರೆಗೂ 109ರಲ್ಲೇ ಇರುತ್ತಾರೆ. ಮೊದಲಿನ ಗುಂಪು ಮೂರು ಪರ್ಸೆಂಟ್, ಎರಡನೆಯದು ಅರ್ಧ ಪರ್ಸೆಂಟ್ ಅಂತ ಇಟ್ಟುಕೊಳ್ಳಿ. ಪರ್ಸೆಂಟ್ ನೋಡುವವರು ಎರಡನೆಯವರನ್ನು ಮೊದಲು ಬಿಡುತ್ತಾರೆ. ನಾನಾದರೆ ಉಲ್ಟಾ ಮಾಡುತ್ತೇನೆ.

ಒಂದು ಸಣ್ಣ ಎಚ್ಚರಿಕೆ, ಲಾಗ್ ಓದುವ ತರುಣರಿಗೆ. ಕ್ರೋಮ್ ಈಗ ತನ್ನ ಗುರುತಿನ ಸಾಲಿನಲ್ಲಿ ಫೋನಿನ ನಿಜವಾದ ಆಂಡ್ರಾಯ್ಡ್ ಆವೃತ್ತಿ ಹೇಳುವುದಿಲ್ಲ. ಎಲ್ಲರದ್ದೂ ಆಂಡ್ರಾಯ್ಡ್ 10, ಮಾಡೆಲ್ ಹೆಸರು ಬರೀ 'ಕೆ'. ಜನರ ಗುಟ್ಟು ಕಾಪಾಡಲು ಹಾಗೆ ಮಾಡಿದ್ದಾರೆ, ಒಳ್ಳೆಯದೇ. ಆದರೆ "ನಮ್ಮ ಬಳಕೆದಾರರೆಲ್ಲ ಆಂಡ್ರಾಯ್ಡ್ 10ರಲ್ಲಿದ್ದಾರೆ" ಅಂತ ಯಾರಾದರೂ ಸ್ಲೈಡ್ ತೋರಿಸಿದರೆ ನಂಬಬೇಡಿ. ನಂಬಬೇಕಾದ್ದು ಕ್ರೋಮ್‌ನ ನಂಬರ್ ಮಾತ್ರ.

ಲಾಗ್‌ನಲ್ಲಿ ಕಾಣದವರ ಕಥೆ ಇನ್ನೂ ಬೇರೆ. ಅದೇ ಝಕರಾಯಸ್, ಅದೇ 2009ರಲ್ಲಿ, ಇನ್ನೊಂದು ಕೆಲಸ ಮಾಡಿದರು. ಯೂಟ್ಯೂಬ್‌ನ ವಿಡಿಯೋ ಪುಟ ಆಗ 1.2 ಎಂಬಿ ಇತ್ತು. ಅದನ್ನು ಕತ್ತರಿಸಿ ಕತ್ತರಿಸಿ 100 ಕೆಬಿಗಿಂತ ಕೆಳಗೆ ತಂದರು. ಪುಟ ಬೇಗ ತೆರೆಯಬೇಕು ತಾನೇ? ಸರಾಸರಿ ಸಮಯ ಜಾಸ್ತಿಯಾಯಿತು! ಯಾಕೆ ಅಂತ ಹುಡುಕಿದಾಗ ಗೊತ್ತಾದದ್ದು: ಆಗ್ನೇಯ ಏಷ್ಯಾ, ಆಫ್ರಿಕಾ, ಸೈಬೀರಿಯಾದಂಥ ಕಡೆಗಳಿಂದ ಹೊಸಬರು ಬರಲು ಶುರುವಾಗಿದ್ದರು. ಅವರಿಗೆ ಹಗುರವಾದ ಪುಟ ತೆರೆಯಲೂ ಎರಡು ನಿಮಿಷ ಬೇಕಿತ್ತು. ಹಳೇ ಪುಟಕ್ಕೆ ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು, ಹಾಗಾಗಿ ಅವರು ಅಲ್ಲಿವರೆಗೆ ಲೆಕ್ಕಕ್ಕೇ ಬಂದಿರಲಿಲ್ಲ. ಬಸ್ಸೇ ಬರದ ಊರಿನ ಸ್ಟಾಪಿನಲ್ಲಿ ನಿಂತು ಪ್ರಯಾಣಿಕರನ್ನು ಎಣಿಸಿದರೆ ಸೊನ್ನೆ ಸಿಗುತ್ತದೆ. ಆ ಸೊನ್ನೆ ತೋರಿಸಿ ಈ ಊರಿಗೆ ಬಸ್ಸು ಬೇಡ ಅಂತ ಬರೆಯಬಹುದು.

ನಮ್ಮ ಕೆಲಸದಲ್ಲಿ ಇದು ದಿನವೂ ನಡೆಯುತ್ತದೆ. ಜನರನ್ನು ಎಣಿಸುವ ಸ್ಕ್ರಿಪ್ಟನ್ನೂ ಪುಟದಲ್ಲಿ ಓಡುವ ಉಳಿದೆಲ್ಲ ಪ್ರೋಗ್ರಾಂ (ಜಾವಾಸ್ಕ್ರಿಪ್ಟ್) ಜೊತೆಗೇ ಒಂದು ಗಂಟಿನಲ್ಲಿ ಕಟ್ಟಿರುತ್ತಾರೆ. ಹಳೇ ಬ್ರೌಸರ್‌ಗೆ ಆ ಗಂಟಿನಲ್ಲಿ ಅರ್ಥವಾಗದ ಒಂದು ಪದ ಸಿಕ್ಕರೆ ಇಡೀ ಫೈಲನ್ನೇ ಬಿಸಾಕುತ್ತದೆ. ಪುಟವೂ ಕೆಲಸ ಮಾಡಲಿಲ್ಲ, ಎಣಿಕೆಯೂ ಆಗಲಿಲ್ಲ. ಆರು ತಿಂಗಳು ಬಿಟ್ಟು ನೋಡಿದರೆ ಆ ಬ್ರೌಸರ್‌ನವರು ಸೊನ್ನೆ. "ನೋಡಿ, ಯಾರೂ ಇಲ್ಲ" ಅನ್ನುತ್ತಾರೆ. ಬ್ರಿಟನ್ ಸರ್ಕಾರದ ವೆಬ್‌ಸೈಟ್ ನೋಡಿಕೊಳ್ಳುವವರು 2013ರಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದ್ದರು. ಜಾವಾಸ್ಕ್ರಿಪ್ಟ್ ತಲುಪದೇ ಹೋದವರು ಶೇ 1.1. ಅದರಲ್ಲಿ ತಾವಾಗಿ ಬಂದ್ ಮಾಡಿಕೊಂಡವರು ಅಥವಾ ಅದು ಇಲ್ಲದ ಬ್ರೌಸರ್‌ನವರು ಶೇ 0.2 ಮಾತ್ರ. ಉಳಿದವರಲ್ಲಿ ಬ್ರೌಸರ್ ಸರಿಯಾಗಿಯೇ ಇತ್ತು, ಏನೋ ಕಾರಣಕ್ಕೆ ಸ್ಕ್ರಿಪ್ಟ್ ಓಡಲಿಲ್ಲ.

ಕನ್ನಡ ಓದುವ ನಮಗೆ ಈ 'ಬೆಂಬಲವಿಲ್ಲ' ಹೊಸದೇನಲ್ಲ. ನೆನಪಿದೆಯಾ? ಎಕ್ಸ್‌ಪಿಯಲ್ಲಿ ಕನ್ನಡ ಸರಿಯಾಗಿ ಕಾಣಬೇಕಾದರೆ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಒಂದು ಟಿಕ್ ಹಾಕಬೇಕಿತ್ತು. ಅದು ಎಕ್ಸ್‌ಪಿ ಸಿ.ಡಿ. ಕೇಳುತ್ತಿತ್ತು. ಸೈಬರ್ ಕೆಫೆಯವನ ಹತ್ತಿರ ಸಿ.ಡಿ. ಎಲ್ಲಿಂದ ಬರಬೇಕು? ಒತ್ತಕ್ಷರ ಒಂದು ಕಡೆ, ದೀರ್ಘ ಒಂದು ಕಡೆ. ಆಗ ಕೆಲವು ಕನ್ನಡ ಸುದ್ದಿ ತಾಣಗಳು ತಮ್ಮದೇ ಫಾಂಟನ್ನು ಪುಟದ ಜೊತೆ ಕಳಿಸುತ್ತಿದ್ದವು. ಐಇಯಲ್ಲಿ ಚೆನ್ನಾಗಿ ಕಾಣುತ್ತಿತ್ತು. ಫೈರ್‌ಫಾಕ್ಸ್‌ನಲ್ಲಿ ತೆರೆದರೆ ಬರೀ ರೋಮನ್ ಅಕ್ಷರಗಳ ಕಸ. ಮೊಬೈಲ್ ಬಂದ ಮೇಲೆ ಬೇರೆ ಪಾಡು. ಆಪೆರಾ ಮಿನಿಯಲ್ಲಿ 'ಆಪೆರಾ:ಕಾನ್ಫಿಗ್' ಅಂತ ಟೈಪ್ ಮಾಡಿ, ಪಟ್ಟಿಯ ಕೊನೆಯಲ್ಲಿ ಬಿಟ್‌ಮ್ಯಾಪ್ ಫಾಂಟ್ ಸೆಟ್ಟಿಂಗ್‌ಗೆ 'ಯೆಸ್' ಕೊಡಬೇಕಿತ್ತು. ಆಗ ಕನ್ನಡ ಅಕ್ಷರಗಳು ಚಿತ್ರವಾಗಿ ಬರುತ್ತಿದ್ದವು. ಈ ಉಪಾಯ ಒಬ್ಬರಿಂದ ಒಬ್ಬರಿಗೆ ಬಾಯಿಂದ ಬಾಯಿಗೆ ಹಬ್ಬಿತ್ತು. ಆಂಡ್ರಾಯ್ಡ್‌ಗೆ ಕನ್ನಡ ನೆಟ್ಟಗೆ ಬಂದದ್ದು 2012ರ 4.1 ಆವೃತ್ತಿಯಲ್ಲಿ. ಅಲ್ಲಿವರೆಗೆ ಕನ್ನಡದಲ್ಲಿ ಓದುವವರೆಲ್ಲ ಯಾರದೋ ಲೆಕ್ಕದಲ್ಲಿ 'ಎರಡು ಪರ್ಸೆಂಟ್' ಆಗಿದ್ದವರೇ.

ಇನ್ನು ಹತ್ತಿರದ ಒಂದು ಉದಾಹರಣೆ ಹೇಳುತ್ತೇನೆ. ಶಿವಮೊಗ್ಗ ಜಿಲ್ಲೆಯ ಒಂದು ಸಹಕಾರ ಸಂಘದ ವೆಬ್‌ಸೈಟ್ ನಮ್ಮ ಕೈಗೆ ಬಂತು. ಬೇರೆ ಯಾರೋ ಕಟ್ಟಿದ್ದು. ನೋಡಲು ಚೆನ್ನಾಗಿಯೇ ಇತ್ತು. ಅಲ್ಲಿಗೆ ಜನ ಬರುವುದು ಮುಖ್ಯವಾಗಿ ಅಡಿಕೆ ಧಾರಣೆ ನೋಡಲು. ರಾಶಿ, ಬೆಟ್ಟೆ, ಸರಕು, ಗೊರಬಲು, ಅಡಿಕೆಯ ಈ ಪ್ರತಿಯೊಂದು ಬಗೆಗೂ ಕನಿಷ್ಠ, ಗರಿಷ್ಠ. ಒಟ್ಟು ನಾಲ್ಕು ಸಾಲಿನ ಕೋಷ್ಟಕ. ಜೊತೆಗೆ ಸಾಲದ ಬಾಕಿ ನೋಡುವುದು, ಕಂತು ಕಟ್ಟುವುದು.

ಸೊಸೈಟಿಯ ಬೆಂಚಿನ ಮೇಲೆ ಕೂತಿದ್ದ ಒಬ್ಬ ಹಿರಿಯರ ಕೈಯಲ್ಲಿ ಜಿಯೋಫೋನ್ ಇತ್ತು. ಗುಂಡಿ ಒತ್ತುವ ಫೋನು, 2.4 ಇಂಚಿನ ಪರದೆ. ಕೇಳಿ ಇಸಿದುಕೊಂಡು ಸೈಟ್ ತೆರೆದೆ. ಪರದೆ ಮೇಲೆ ಪುಟ್ಟ ಬಾಣ. ಬಾಣದ ಗುರುತಿನ ಗುಂಡಿ ಒತ್ತಿ ಒತ್ತಿ ಅದನ್ನು ಮೆನುವರೆಗೆ ತಳ್ಳಿಕೊಂಡು ಹೋಗಬೇಕು. 'ಧಾರಣೆ' ಒತ್ತಿದೆ. ಸಂಘದ ಹೆಸರು ಬಂತು, ಹಸಿರು ಪಟ್ಟಿ ಬಂತು, ಮಧ್ಯದಲ್ಲಿ ಒಂದು ಚಕ್ರ ತಿರುಗಲು ಶುರುವಾಯಿತು. ತಿರುಗುತ್ತಲೇ ಇತ್ತು.

"ಅದು ಹಾಂಗೇ ತಿರುಗ್ತಾ ಇರ್ತದೆ ಮೇಡಂ, ರೇಟ್ ಬರೋದಿಲ್ಲ. ನಾನು ಸೆಕ್ರೆಟರಿಗೆ ಫೋನ್ ಮಾಡಿ ಕೇಳ್ತೇನೆ" ಅಂದರು. ಅವರಿಗೆ ಬೇಸರವೇನೂ ಇರಲಿಲ್ಲ. ಆ ಪುಟ ಇರುವುದೇ ಹಾಗೆ ಅಂದುಕೊಂಡಿದ್ದರು.

ಬೇಸರ ಇದ್ದದ್ದು ಸೆಕ್ರೆಟರಿಗೆ. "ದಿನಾ ಮಧ್ಯಾಹ್ನದ ಮೇಲೆ ಇದೇ ಫೋನು. ರಾಶಿ ಎಷ್ಟು, ಬೆಟ್ಟೆ ಎಷ್ಟು. ವೆಬ್‌ಸೈಟ್ ಯಾಕ್ ಮಾಡ್ಸಿದ್ದು ಅಂತ ನಂಗೇ ಗೊತ್ತಾಗ್ತಾ ಇಲ್ಲ."

ಚಕ್ರ ಯಾಕೆ ತಿರುಗುತ್ತಿತ್ತು ಅಂತ ಹೇಳುತ್ತೇನೆ. 2017ರಲ್ಲಿ ಬಂದ ಜಿಯೋಫೋನ್‌ನಲ್ಲಿ ಇರುವುದು ಕೈಓಎಸ್ 2.5 ಎಂಬ ಕಾರ್ಯಾಚರಣೆ ವ್ಯವಸ್ಥೆ. ಅದರ ಒಳಗಿನ ಬ್ರೌಸರ್ ಎಂಜಿನ್ ಫೈರ್‌ಫಾಕ್ಸ್ 48ರದ್ದು, ಅಂದರೆ 2016ರದ್ದು. ಫೋನ್ ಅಂಗಡಿಗೆ ಬಂದ ದಿನವೇ ಬ್ರೌಸರ್ ಹಳೆಯದು, ಮುಂದೆಯೂ ಅದು ಅಲ್ಲೇ ನಿಂತಿತು. ಜಾವಾಸ್ಕ್ರಿಪ್ಟ್‌ನಲ್ಲಿ ಈಗ ಎಲ್ಲರೂ ಬಳಸುವ 'ಎಸಿಂಕ್' ಫಂಕ್ಷನ್‌ಗಳು (ಮಾಹಿತಿ ಬರುವವರೆಗೆ ಕಾಯುವ ಕೋಡ್) ಫೈರ್‌ಫಾಕ್ಸ್‌ಗೆ ಬಂದದ್ದು 52ರಲ್ಲಿ, ಡಬ್ಬಗಳನ್ನು ಅಡ್ಡ-ಉದ್ದ ಜೋಡಿಸುವ ಸಿಎಸ್‌ಎಸ್ ಗ್ರಿಡ್ ಕೂಡ ಅದೇ 52ರಲ್ಲಿ. ನಾಲ್ಕು ಆವೃತ್ತಿಗಳ ಅಂತರ. ಗ್ರಿಡ್ ಇಲ್ಲದಿದ್ದರೆ ಡಬ್ಬಗಳು ಒಂದರ ಕೆಳಗೆ ಒಂದು ಬರುತ್ತವೆ, ಅಷ್ಟು ಚಿಕ್ಕ ಪರದೆಯಲ್ಲಿ ಅದೇ ವಾಸಿ. 'ಎಸಿಂಕ್' ಸಿಕ್ಕಿದರೆ ಮಾತ್ರ ಫೈಲ್ ಪೂರ್ತಿ ಸತ್ತು ಹೋಗುತ್ತದೆ. ಧಾರಣೆಯ ನಾಲ್ಕು ಸಾಲನ್ನು ತಂದು ಹಾಕುವ ಕೆಲಸ ಅದೇ ಫೈಲಿನದ್ದಾಗಿತ್ತು.

ನಾಲ್ಕು ಸಾಲಿನ ಕೋಷ್ಟಕಕ್ಕೆ ಜಾವಾಸ್ಕ್ರಿಪ್ಟ್ ಯಾಕೆ ಬೇಕು? ಸರ್ವರ್‌ನಲ್ಲೇ ಸಾದಾ ಎಚ್‌ಟಿಎಂಎಲ್ ಕೋಷ್ಟಕ ಮಾಡಿ ಕಳಿಸಿದರೆ ಐಇ 6 ಕೂಡ ತೋರಿಸುತ್ತದೆ. ಹಾಗೇ ಮಾಡಿದೆವು. ಹೋದ ತಿಂಗಳ ಧಾರಣೆಯ ಗ್ರಾಫ್ ಒಂದಿತ್ತು, ಅದು ಹೊಸ ಬ್ರೌಸರ್‌ಗೆ ಮಾತ್ರ. ಅದನ್ನು ಕಳೆದುಕೊಂಡು ಯಾರೂ ಅತ್ತಿಲ್ಲ.

ಅಲ್ಲಿ ನನಗೆ ಸ್ಪಷ್ಟವಾದದ್ದು ಇಷ್ಟು. ಬ್ರೌಸರನ್ನು ಬಿಟ್ಟಾಗ ಅದರಲ್ಲಿದ್ದ ಜನ ಮಾಯವಾಗುವುದಿಲ್ಲ. ಫೋನ್ ಮಾಡುತ್ತಾರೆ, ಕೌಂಟರ್ ಮುಂದೆ ನಿಲ್ಲುತ್ತಾರೆ, ಮಗನಿಗೆ ವಾಟ್ಸಾಪ್ ಕಳಿಸಿ ಕೇಳುತ್ತಾರೆ. ಡೆವಲಪರ್ ಉಳಿಸಿದ ಗಂಟೆಗಳನ್ನು ಬೇರೆ ಯಾರೋ ಕಳೆಯುತ್ತಾರೆ. ಹಾಗಾಗಿ ನಾನು ಈಗ ಪರ್ಸೆಂಟ್ ಕೇಳುವ ಮೊದಲು ಫೋನ್ ಎತ್ತುವವರು ಯಾರು ಅಂತ ಕೇಳುತ್ತೇನೆ. ದೊಡ್ಡ ಕಂಪನಿಗಳಲ್ಲಿ ಅವರು ಬೇರೆ ಮಹಡಿಯಲ್ಲೋ ಬೇರೆ ಊರಲ್ಲೋ ಇರುತ್ತಾರೆ. ಡೆವಲಪರ್ ಅವರ ಮುಖವನ್ನೇ ನೋಡಿರುವುದಿಲ್ಲ.

ಪರ್ಸೆಂಟ್ ಅನ್ನುವುದು ಯಾವುದರ ಪರ್ಸೆಂಟ್ ಅನ್ನುವುದೂ ಒಂದು ತಮಾಷೆ. ಲೆಟ್ಸ್ ಎನ್‌ಕ್ರಿಪ್ಟ್ ಅಂತ ಒಂದು ಸಂಸ್ಥೆ ವೆಬ್‌ಸೈಟ್‌ಗಳಿಗೆ, ಇದು ಅಸಲಿ ಸೈಟು ಅಂತ ಬ್ರೌಸರ್‌ಗೆ ತೋರಿಸುವ ಸರ್ಟಿಫಿಕೇಟನ್ನು ಬಿಟ್ಟಿಯಾಗಿ ಕೊಡುತ್ತದೆ. 2020ರ ನವೆಂಬರ್‌ನಲ್ಲಿ ಅವರು ಒಂದು ಎಚ್ಚರಿಕೆ ಕೊಟ್ಟರು. ಮುಂದಿನ ವರ್ಷದಿಂದ ಆಂಡ್ರಾಯ್ಡ್ 7.1.1ಕ್ಕಿಂತ ಹಳೆಯ ಫೋನ್‌ಗಳು ನಮ್ಮ ಸರ್ಟಿಫಿಕೇಟನ್ನು ನಂಬುವುದಿಲ್ಲ ಅಂತ. ಅಂಥ ಫೋನ್‌ಗಳು ಎಷ್ಟು? ಆಂಡ್ರಾಯ್ಡ್ ಫೋನ್‌ಗಳಲ್ಲಿ ಶೇ 33.8, ಮೂರರಲ್ಲಿ ಒಂದು. ದೊಡ್ಡ ಸೈಟ್‌ಗಳನ್ನು ನಡೆಸುವವರನ್ನು ಕೇಳಿದರೆ, ತಮಗೆ ಬರುವ ಟ್ರಾಫಿಕ್‌ನಲ್ಲಿ ಅವು ಶೇ 1ರಿಂದ 5 ಅಂದರು. ಎರಡೂ ನಿಜ. ಹಳೇ ಫೋನಿನವರು ಡೇಟಾ ನೋಡಿ ನೋಡಿ ಖರ್ಚು ಮಾಡುತ್ತಾರೆ, ನಾಲ್ಕು ಪುಟ ತೆರೆದು ಮುಚ್ಚುತ್ತಾರೆ. ಪುಟ ಎಣಿಸಿದರೆ ಅವರು ಕಡಿಮೆ, ತಲೆ ಎಣಿಸಿದರೆ ಜಾಸ್ತಿ.

ಆಮೇಲೆ ಅವರು ಕಂಡುಕೊಂಡ ಪರಿಹಾರ ಸೊಗಸಾಗಿತ್ತು. ಹಳೇ ಆಂಡ್ರಾಯ್ಡ್ ತನ್ನೊಳಗೆ ಇಟ್ಟುಕೊಂಡ ಮೂಲ ಸರ್ಟಿಫಿಕೇಟ್‌ಗಳ ಅವಧಿ ಮುಗಿದಿದೆಯೇ ಅಂತ ನೋಡುವುದೇ ಇಲ್ಲ. ಆ ಉದಾಸೀನವನ್ನೇ ಬಳಸಿಕೊಂಡು, ಅವಧಿ ಮುಗಿಯಲಿದ್ದ ಹಳೇ ಮೂಲದಿಂದಲೇ ಹೊಸದಕ್ಕೆ ಸಹಿ ಹಾಕಿಸಿದರು. ಆ ಫೋನ್‌ಗಳಿಗೆ 2024ರ ಸೆಪ್ಟೆಂಬರ್‌ವರೆಗೆ ಆಯುಷ್ಯ ಸಿಕ್ಕಿತು. ಬಿಟ್ಟಿಯಾಗಿ ಸೇವೆ ಕೊಡುವವರು ಅಷ್ಟು ತಲೆ ಕೆಡಿಸಿಕೊಂಡರು, ನೋಡಿ.

ಸರಿ, ಬಿಡುವುದು ಹೇಗೆ? ಕೆಲಸದಿಂದ ಕೆಲಸಕ್ಕೆ ಬೇರೆ ಬೇರೆ ತೀರ್ಮಾನ ಬೇಕು ಅನ್ನುತ್ತೇನೆ. ಓದುವ ಪುಟಗಳಿಗೆ ಗಡುವು ಇರಬೇಕಾದ್ದೇ ಇಲ್ಲ. ಸಾದಾ ಎಚ್‌ಟಿಎಂಎಲ್ ಯಾವತ್ತೂ ಮುರಿಯುವುದಿಲ್ಲ, ಅದಕ್ಕೆ ಖರ್ಚೂ ಇಲ್ಲ. ಗ್ರಾಫು, ಜಾರುವ ಚಿತ್ರಗಳು, ಅಲಂಕಾರ ಎಲ್ಲವನ್ನೂ ಇವತ್ತೇ ಹೊಸ ಬ್ರೌಸರ್‌ಗೆ ಮಾತ್ರ ಕೊಡಿ, ಯಾರೂ ಕೇಳುವುದಿಲ್ಲ.

ಇದಕ್ಕೆ ಹಳೆಯ ಉಪಾಯ ಒಂದಿದೆ. 2012ರ ಸುಮಾರಿಗೆ ಬಿಬಿಸಿಯವರು ಬ್ರೌಸರ್‌ನ ಹೆಸರು ಕೇಳುವುದನ್ನು ಬಿಟ್ಟು, ನಿನಗೆ ಇಂಥ ಮೂರು ಕೆಲಸ ಬರುತ್ತದಾ ಅಂತ ಕೇಳಲು ಶುರು ಮಾಡಿದರು. ಬಂದರೆ ಪೂರ್ತಿ ಪುಟ, ಬಾರದಿದ್ದರೆ ಸಾದಾ ಪುಟ. ಈಗ ಅದು ಇನ್ನೂ ಸುಲಭ. ಸ್ಕ್ರಿಪ್ಟ್ ಟ್ಯಾಗ್‌ಗೆ 'ಮಾಡ್ಯೂಲ್' ಅಂತ ಬರೆದರೆ ಹಳೇ ಬ್ರೌಸರ್ ಅದನ್ನು ಮುಟ್ಟುವುದೇ ಇಲ್ಲ. ಚಕ್ರ ತಿರುಗುವುದಿಲ್ಲ, ಎಡವಟ್ಟೂ ಇಲ್ಲ. ಅದರ ಪಾಲಿಗೆ ಆ ಪುಟದಲ್ಲಿ ಜಾವಾಸ್ಕ್ರಿಪ್ಟೇ ಇಲ್ಲ. ಫಾರಂ ತುಂಬಿ ಸಬ್ಮಿಟ್ ಒತ್ತಿದರೆ ಹೋಗುತ್ತದೆ, ತಪ್ಪಿದ್ದರೆ ಸರ್ವರ್ ವಾಪಸ್ ಹೇಳುತ್ತದೆ. 1998ರಲ್ಲಿ ಹೇಗೆ ನಡೆಯುತ್ತಿತ್ತೋ ಹಾಗೆ.

ಹೊಸ ಹುಡುಗರು ಇದಕ್ಕೆ ಒಂದು ಒಳ್ಳೆಯ ಆಕ್ಷೇಪ ಎತ್ತುತ್ತಾರೆ. ಹಳಬರಿಗಾಗಿ ಹೊಸ ಕೋಡನ್ನು ಹಳೇ ಭಾಷೆಗೆ ತಿರುಗಿಸಿ, ಇಲ್ಲದ ಸೌಲಭ್ಯಗಳಿಗೆ ಬದಲಿ ಕೋಡ್ (ಪಾಲಿಫಿಲ್) ಜೋಡಿಸಿದರೆ ಪುಟ ದಪ್ಪವಾಗುತ್ತದೆ. ಆ ಭಾರ ಹೊರುವವರು ಎಲ್ಲರೂ. ಅದರಲ್ಲೂ ಸೋವಿ ಫೋನು, ನಿಧಾನ ನೆಟ್‌ವರ್ಕ್ ಇರುವವರು ಜಾಸ್ತಿ ಹೊರುತ್ತಾರೆ. ಪೂರ್ತಿ ಒಪ್ಪುತ್ತೇನೆ. ಅದಕ್ಕೇ ಆ ದಾರಿ ನನಗೆ ಇಷ್ಟವಿಲ್ಲ. ಹಳೇ ಬ್ರೌಸರ್‌ಗೆ ಹೊಸ ಬ್ರೌಸರ್‌ನ ವೇಷ ಹಾಕಿಸುವ ಬದಲು ಅದಕ್ಕೆ ಗೊತ್ತಿರುವುದನ್ನೇ ಕೊಡಿ.

ಗಟ್ಟಿಯಾಗಿ ನಿಲ್ಲಬೇಕಾದ್ದು ದುಡ್ಡಿನ ಪುಟಗಳಲ್ಲಿ. ಇಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ. ಅಪ್‌ಡೇಟ್ ನಿಂತುಹೋದ ಬ್ರೌಸರ್‌ನಲ್ಲಿ ಹೊಸ ತೂತುಗಳು ಸಿಗುತ್ತಲೇ ಇರುತ್ತವೆ, ಮುಚ್ಚುವವರು ಯಾರೂ ಇಲ್ಲ. ಅದರಲ್ಲಿ ಪಾಸ್‌ವರ್ಡ್ ಹಾಕಿಸಿಕೊಂಡು ದುಡ್ಡು ಕಟ್ಟಿಸಿಕೊಳ್ಳುವುದು ಸೌಜನ್ಯ ಆಗುವುದಿಲ್ಲ. ಎಷ್ಟೋ ಸಲ ತೀರ್ಮಾನ ನಮ್ಮ ಕೈಯಲ್ಲಿ ಇರುವುದೂ ಇಲ್ಲ. ಕಾರ್ಡ್ ಕಂಪನಿಗಳ ಪಿಸಿಐ ನಿಯಮ 2018ರ ಜೂನ್ 30ರೊಳಗೆ ಹಳೇ ಟಿಎಲ್‌ಎಸ್ (ಸೈಟಿಗೂ ಬ್ರೌಸರ್‌ಗೂ ನಡುವಿನ ಮಾತನ್ನು ಗುಟ್ಟಾಗಿಡುವ ವಿಧಾನ) ನಿಲ್ಲಿಸಬೇಕು ಅಂತ ಹೇಳಿತು. ಆಂಡ್ರಾಯ್ಡ್ 4ರ ಹಳೇ ಬ್ರೌಸರ್‌ಗಳಲ್ಲಿ ಟಿಎಲ್‌ಎಸ್ 1.2 ತಾನಾಗಿ ಚಾಲೂ ಇರಲಿಲ್ಲ. ಅವರಿಗೆ ಪೇಮೆಂಟ್ ಪುಟ ಒಂದು ದಿನ ತೆರೆಯಿತು, ಇನ್ನೊಂದು ದಿನ ತೆರೆಯಲಿಲ್ಲ. ಯಾಕೆ ಅಂತ ಹೇಳುವುದಕ್ಕೂ ದಾರಿ ಇರಲಿಲ್ಲ. ಪುಟ ತೆರೆದರೆ ತಾನೇ ಅದರಲ್ಲಿ ಸೂಚನೆ ತೋರಿಸುವುದು?

ಇತ್ತೀಚೆಗೆ 'ಬೇಸ್‌ಲೈನ್' ಅಂತ ಒಂದು ಅಳತೆ ಬಂದಿದೆ, 2023ರಿಂದ. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್, ಸಫಾರಿ ಎಲ್ಲದರಲ್ಲೂ ಒಂದು ಸೌಲಭ್ಯ ಬಂದು 30 ತಿಂಗಳಾದರೆ ಅದನ್ನು ಧೈರ್ಯವಾಗಿ ಬಳಸಿ ಅನ್ನುತ್ತದೆ. ಪರ್ಸೆಂಟ್ ಜಗಳಕ್ಕಿಂತ ಇದು ಎಷ್ಟೋ ಮೇಲು, ಕನಿಷ್ಠ ಎಲ್ಲರಿಗೂ ಒಂದೇ ಭಾಷೆ. ಆದರೆ 30 ತಿಂಗಳು ಯಾರ ಫೋನಿನ ಆಯುಷ್ಯ? ನಮ್ಮ ಕಡೆ ಫೋನನ್ನು ಮೊದಲು ಮಗ ಎರಡು ವರ್ಷ ಬಳಸುತ್ತಾನೆ, ಆಮೇಲೆ ಅಮ್ಮನಿಗೆ ಬರುತ್ತದೆ, ಪರದೆ ಒಡೆದ ಮೇಲೆ ತೋಟದ ಮನೆಗೆ ಹೋಗುತ್ತದೆ. ಬೆಂಗಳೂರಿನ ಕಂಪನಿಗೆ ಸರಕು ಮಾರುವ ಸೈಟಿಗೆ ಬೇಸ್‌ಲೈನ್ ಸಾಕು. ಅಡಿಕೆ ಧಾರಣೆಯ ಪುಟಕ್ಕೆ ಅದು ಗ್ರಾಫ್‌ಗೆ ಮಾತ್ರ ಸಾಕು.

ಸೊಸೈಟಿಯ ಕಂತು ಕಟ್ಟುವ ಪುಟದಿಂದ ನಾವು ಕೊನೆಗೂ ಹಳೇ ಬ್ರೌಸರ್‌ಗಳನ್ನು ಬಿಟ್ಟೆವು. ಬಿಡುವ ಮೊದಲು ಸೂಚನೆ ಬರೆಯಬೇಕಲ್ಲ. ನಮ್ಮ ಹುಡುಗ ಬರೆದುಕೊಟ್ಟದ್ದು ಎಲ್ಲ ಕಡೆ ಇರುವಂಥದ್ದೇ: ನಿಮ್ಮ ಬ್ರೌಸರ್ ಹಳೆಯದಾಗಿದೆ, ದಯವಿಟ್ಟು ಅಪ್‌ಡೇಟ್ ಮಾಡಿ. ಸೆಕ್ರೆಟರಿ ಓದಿ ಕೇಳಿದರು. "ಅಪ್‌ಡೇಟ್ ಆಗೋ ಫೋನ್ ಆಗಿದ್ರೆ ಆಗ್ತಿತ್ತಲ್ಲ ಮೇಡಂ. ಆಗದವ್ರು ಏನು ಮಾಡ್ಬೇಕು ಅಂತ ಬರೀರಿ."

ಹಾಗಾಗಿ ಸೂಚನೆ ಹೀಗಾಯಿತು: "ಧಾರಣೆ ಮತ್ತು ಪ್ರಕಟಣೆಗಳು ಈ ಫೋನಿನಲ್ಲಿ ಎಂದಿನಂತೆ ಸಿಗುತ್ತವೆ. ಕಂತು ಕಟ್ಟುವ ಪುಟ ಮಾತ್ರ ಇದರಲ್ಲಿ ತೆರೆಯುವುದಿಲ್ಲ. ಮನೆಯ ಬೇರೆ ಫೋನಿನಿಂದ ಕಟ್ಟಬಹುದು, ಅಥವಾ ಸಂಘಕ್ಕೆ ಬಂದು ಕಟ್ಟಬಹುದು." ವಿಂಡೋಸ್ 7ರಿಂದ ಬರುವವರಿಗೆ ಬೇರೆ ಸಾಲು. ಕ್ರೋಮ್ ಅವರನ್ನು ಬಿಟ್ಟ ಮೇಲೂ ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾದವರು ಅದರ 115ನೇ ಆವೃತ್ತಿಯ ಗಡುವನ್ನು ಹಲವು ಸಲ ಮುಂದಕ್ಕೆ ಹಾಕಿದ್ದರು. ಆ ದಾರಿ ಇರುವವರಿಗೆ ಆ ದಾರಿ ತೋರಿಸಿದೆವು.

ತಾರೀಕು ಯಾವುದು ಅಂತ ಕೊನೆಗೆ ಪ್ರಶ್ನೆ ಬಂತು. ಹಣಕಾಸು ವರ್ಷ ಮುಗಿಯುವುದಕ್ಕೆ ಸರಿಯಾಗಿ ಮಾರ್ಚ್ ಕೊನೆಗೆ ಇಟ್ಟುಕೊಳ್ಳೋಣ ಅಂತ ನಮ್ಮ ಆಫೀಸಿನ ಲೆಕ್ಕ. ಸೆಕ್ರೆಟರಿ ಕೈಯೆತ್ತಿ ಬೇಡ ಅಂದರು. ಬೆಳೆಸಾಲದ ವಾಯಿದೆ ಎಲ್ಲ ಮಾರ್ಚ್‌ಗೇ ಬರುತ್ತದೆ, ಕೌಂಟರ್ ಮುಂದೆ ಆಗಲೇ ಜನ ತುಂಬಿರುತ್ತಾರೆ. ಡಿಸೆಂಬರ್ ಅಂದರೆ ಅಡಿಕೆ ಕೊಯ್ಲು, ಯಾರಿಗೂ ಪುರುಸೊತ್ತಿಲ್ಲ.

"ಜುಲೈಯಲ್ಲಿ ಮಾಡಿ" ಅಂದರು. "ಮಳೆ ಹಿಡಿದ ಮೇಲೆ ಕರೆಂಟೂ ಇರೋದಿಲ್ಲ, ಟವರೂ ಇರೋದಿಲ್ಲ. ಹೊಸ ಫೋನ್ ಇದ್ದವ್ರೂ ಆಗ ಇಲ್ಲಿಗೇ ಬಂದು ಕಟ್ತಾರೆ."